ಅಪ್ಪನ ತೋಳಿನ ಅಳತೆ

ಬಂದೂಕಿನ ಬಗ್ಗೆ ಮಾತಾಡುವವರೆಲ್ಲ ನಳಿಗೆಯ ಬಗ್ಗೆ ಮಾತಾಡುತ್ತಾರೆ. ಗುಂಡು ಎಷ್ಟು ದೂರ ಹೋಗುತ್ತದೆ, ಎಷ್ಟು ಜೋರಾಗಿ ಬಡಿಯುತ್ತದೆ, ಯಾವ ಊರಲ್ಲಿ ತಯಾರಾದದ್ದು. ಹಿಂದಿನ ಮರದ ತುಂಡಿನ ಯೋಗಕ್ಷೇಮವನ್ನು ಯಾರಾದರೂ ವಿಚಾರಿಸಿದ್ದನ್ನು ಈ ವಯಸ್ಸಿನವರೆಗೆ ನಾನು ಕೇಳಿಲ್ಲ. ಹೆಗಲಿಗೆ ಒರಗುವ, ಕೆನ್ನೆಗೆ ತಾಗುವ, ಅಂಗೈಯಲ್ಲಿ ಕೂರುವ ಆ ಭಾಗಕ್ಕೆ ನಮ್ಮ ಮನೆಯಲ್ಲಿ ಕಟ್ಟಿಗೆ ಎಂದಷ್ಟೇ ಹೆಸರು. ರಾಜಮನೆತನಗಳ ಏಳುಬೀಳಿಗೆ ಯುದ್ಧ, ಕ್ಷಾಮ, ಸವತಿ ಮತ್ಸರ ಮುಂತಾದ ಕಾರಣಗಳನ್ನು ನಾನು ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಉರು ಹೊಡೆಸಿದ್ದೇನೆ. ನಮ್ಮ ಮನೆತನ, ಹಾಗೆಂದು ಕರೆಯಲು ಓದುಗರು ಅಪ್ಪಣೆ ಕೊಟ್ಟರೆ, ಮುಗ್ಗರಿಸಿದ್ದು ಒಂದು ಕಟ್ಟಿಗೆಯ ದೆಸೆಯಿಂದ. ಮುಗ್ಗರಿಸಿದರೂ ಬೀದಿಗೆ ಬೀಳದೆ ಉಳಿದದ್ದೂ ಅದರ ದೆಸೆಯಿಂದಲೇ. ಆದ್ದರಿಂದ ಒಂದು ಅಧ್ಯಾಯದ ಗೌರವ ಅದಕ್ಕೆ ಸಲ್ಲಬೇಕು.

ಮನೆ ನಮ್ಮದಾಗಿರಲಿಲ್ಲ. ಚನ್ನಗಿರಿ ಸೀಮೆಯಲ್ಲಿ, ಸೂಳೆಕೆರೆಯ ಕೆಳಗೆ, ಕಾಲುವೆಯ ಮಗ್ಗುಲಲ್ಲಿ ಒಬ್ಬ ಸಾವುಕಾರರು ಮೀನುಮರಿ ಸಾಕಲು ಮೂರು ಕೊಳ ತೋಡಿಸಿದ್ದರು. ಮರಿ ಬೆರಳುದ್ದವಾದ ಮೇಲೆ ಹೊನ್ನಾಳಿ, ನ್ಯಾಮತಿ ಕಡೆಯ ಕೆರೆಗಳನ್ನು ಗುತ್ತಿಗೆ ಹಿಡಿದವರು ಬಂದು ಡ್ರಮ್ಮಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಅಪ್ಪ ಆ ಕೊಳಗಳ ಕಾವಲುಗಾರ. ಕಾವಲಿನ ಜೊತೆಗೆ ಎರಡು ಕೋಣೆಯ ಮನೆ ಬಂದಿತ್ತು. ಕಾವಲು ಹೋದರೆ ಮನೆಯೂ ಹೋಗುವುದೆಂದು ಹೇಳಬೇಕಾಗಿಯೇ ಇರಲಿಲ್ಲ. ಮುಂದಿನ ಕೋಣೆಯ ಮುಕ್ಕಾಲು ಪಾಲು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಚೀಲಗಳದ್ದು. ಅವು ಮೀನಿನ ಊಟ. ಉಳಿದ ಕಾಲು ಪಾಲಿನಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಮತ್ತು ನಾನು. ಬಂದವರಿಗೆ ಹಿಂಡಿಚೀಲವೇ ಆಸನ. ನನ್ನ ಪುಸ್ತಕ, ಲಂಗ, ಜಡೆ ಎಲ್ಲಕ್ಕೂ ಅದೇ ವಾಸನೆ ಹತ್ತಿ, ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿ “ನಿಮ್ಮ ಮನ್ಯಾಗೆ ದಿನಾ ಚಟ್ನಿಪುಡಿ ಕುಟ್ತಾರೇನೇ?” ಎಂದು ಆಸೆಯಿಂದ ಕೇಳುತ್ತಿದ್ದಳು. ನಾನು ಹೌದೆನ್ನುತ್ತಿದ್ದೆ. ಬಡತನಕ್ಕೆ ಶ್ರೀಮಂತ ವಾಸನೆ ಇರುವುದು ಅಪರೂಪದ ಯೋಗ.

ಸಾವುಕಾರರ ಇನ್ನೊಂದು ಕಟ್ಟಪ್ಪಣೆ ಇತ್ತು: ಕೊಳ ಕಾಯುವ ಮನೆಯಲ್ಲಿ ಮೀನು ಬೇಯಬಾರದು. ಬೆಂದರೆ ಯಾರ ಮೀನು ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಸುತ್ತ ನೀರು, ನೀರ ತುಂಬ ಮೀನು, ನಮ್ಮ ತಟ್ಟೆಯಲ್ಲಿ ಮುದ್ದೆ ಮತ್ತು ಹುರುಳಿ ಸಾರು. ಅಜ್ಜಿ ಮಾತ್ರ ಸಂಜೆ ತನ್ನ ತಟ್ಟೆ ಹಿಡಿದು ಬಾಗಿಲಾಚೆ ಹೋಗಿ, ಕಾಲುವೆ ಆಚೆ ದಡದ ಮೀನುಗಾರರ ಗುಡಿಸಲಿನ ಕಡೆ ಮುಖ ಮಾಡಿ ಕೂತು, ಗಾಳಿಯಲ್ಲಿ ತೇಲಿಬಂದ ಅವರ ಸಾರಿಗೆ ನಮ್ಮ ಮುದ್ದೆ ನೆಂಚಿಕೊಂಡು ನುಂಗುತ್ತಿದ್ದಳು.

“ಇವತ್ತು ಹುಳಿ ಜಾಸ್ತಿ ಆಗೈತೆ,” ಎಂದು ಒಮ್ಮೊಮ್ಮೆ ತೀರ್ಪನ್ನೂ ಕೊಡುತ್ತಿದ್ದಳು.

ಕೊಳಗಳ ಶತ್ರು ನೀರುಕಾಗೆ. ಕಪ್ಪು ಕೋಟು ಹಾಕಿದ ವಕೀಲರ ಹಾಗೆ ಸಾಲಾಗಿ ಬಂದು, ಮುಳುಗಿ, ಒಂದೊಂದು ಮುಳುಗಿಗೆ ಒಂದೊಂದು ಮರಿ ಎತ್ತಿ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಂಡು, ಮತ್ತೆ ಮುಳುಗುವ ಜಾತಿ. ದಂಡೆಯ ಮೇಲೆ ಡಬ್ಬ ಬಡಿದರೆ ಎರಡು ದಿನ ಹೆದರುತ್ತವೆ, ಮೂರನೆಯ ದಿನ ತಾಳಕ್ಕೆ ಸರಿಯಾಗಿ ಮುಳುಗುತ್ತವೆ. ನೀರಿನ ಮೇಲೆ ಡಬ್ಬಗಳ ಹಗ್ಗ ಕಟ್ಟಿ ಎಳೆದು ನೋಡಿದರೆ ಹಗ್ಗ ಮರಿ ಹಿಡಿಯುವ ಬಲೆಗೆ ತೊಡರುತ್ತಿತ್ತು. ಹಕ್ಕಿ ಕೊಲ್ಲುವುದಕ್ಕೆ ಸಾವುಕಾರರ ಧರ್ಮ ಒಪ್ಪುತ್ತಿರಲಿಲ್ಲ. ಕಾನೂನಂತೂ ಅವರಿಗಿಂತ ಮೊದಲೇ ಒಪ್ಪಿರಲಿಲ್ಲ. ಕೊನೆಗೆ ಪ್ರತಿ ಕೊಳದ ನಡುವೆ ಒಂದು ಬಿದಿರು ಗಳ ನೆಟ್ಟು, ಅದರ ತುದಿಗೆ ಊಟದ ತಟ್ಟೆಯಗಲದ ತಗಡು ನೇತುಹಾಕಿ, ದಂಡೆಯಿಂದ ಗಾಳಿಬಂದೂಕಿನಲ್ಲಿ ತಗಡಿಗೆ ಗುಂಡು ಹೊಡೆಯುವ ವಿಧಾನ ಜಾರಿಗೆ ಬಂತು. ಹಕ್ಕಿಗಳ ನಟ್ಟನಡುವೆ ಟಣ್ ಎಂದಾಗ ಇಡೀ ಸಭೆ ಎದ್ದು ಹೋಗುತ್ತಿತ್ತು. ಯಾರಿಗೂ ಗಾಯವಿಲ್ಲ. ದಂಡೆಗೂ ತಗಡಿಗೂ ಇಪ್ಪತ್ತು ಮಾರು ದೂರ. ಆ ದೂರದಲ್ಲಿ ದಿನಕ್ಕೆ ಮೂವತ್ತು ಸಲ ತಟ್ಟೆಯಗಲದ ತಗಡಿಗೆ ಹೊಡೆಯುವ ಗಂಡಸು ಆ ಸುತ್ತಿನಲ್ಲಿ ಅಪ್ಪ ಒಬ್ಬನೇ. ಹೊಡೆದ ಮೇಲೆ ತಗಡಿನ ಕಡೆ ನೋಡುತ್ತಲೂ ಇರಲಿಲ್ಲ, ಮಗ್ಗುಲಿಗೆ ತಿರುಗಿ ನಡೆದುಬಿಡುತ್ತಿದ್ದ. ಸದ್ದು ಅವನ ಬೆನ್ನಿಗೆ ಬಂದು ತಲುಪುತ್ತಿತ್ತು. ಹೇಗೆ ಹೊಡೆಯುತ್ತೀಯ ಎಂದು ಕೇಳಿದರೆ “ಕೈಯಾಗೆ ಐತೆ” ಎನ್ನುತ್ತಿದ್ದ. ಯಾವ ಕೈಯಲ್ಲಿ, ಏನಿದೆ ಎಂಬುದನ್ನು ವಿವರಿಸುವ ಪದ್ಧತಿ ಇರಲಿಲ್ಲ. ಬಂದೂಕನ್ನು ದೇವರ ಪಟದ ಪಕ್ಕ ಎರಡು ಮೊಳೆಯ ಮೇಲೆ ಮಲಗಿಸುತ್ತಿದ್ದರು. ಹೆಂಗಸರು ಮುಟ್ಟಿದರೆ ಗುರಿ ಕೆಡುತ್ತದೆ ಎಂದು ಅಜ್ಜಿ ನಿಯಮ ಮಾಡಿದ್ದಳು. ಅವ್ವ ಆ ಗೋಡೆಗೆ ಸುಣ್ಣ ಬಳಿಯುವಾಗಲೂ ಬಂದೂಕನ್ನು ಇಳಿಸಲು ಅಪ್ಪನನ್ನು ಕೂಗಬೇಕಿತ್ತು.

ಅನಾಹುತಕ್ಕೆ ಬಂದದ್ದೂ ಸುಣ್ಣವೇ. ಹೊಸ ಮರಿ ಬಿಡುವ ಮೊದಲು ಕೊಳ ಬತ್ತಿಸಿ, ತಳಕ್ಕೆ ಸುಣ್ಣದ ಪುಡಿ ಎರಚುವುದು ರೂಢಿ. ಅಪ್ಪ ಗಾಳಿಗೆ ಬೆನ್ನು ಮಾಡಿ ಎರಚುತ್ತಿದ್ದ, ಗಾಳಿ ತಿರುಗಿತು. ಮುಖ ತುಂಬ ಸುಣ್ಣ. ಅಪ್ಪ ಕೂಗಿಕೊಂಡು ಮನೆಗೆ ಓಡಿಬಂದ. ಅಜ್ಜಿ ತನ್ನ ಅಜ್ಜಿಯಿಂದ ಕಲಿತ ಹಾಗೆ ಹರಳೆಣ್ಣೆ ಹಾಕಿದಳು, ಬಟ್ಟೆ ಕಟ್ಟಿದಳು, ನೀರು ತಾಗಿಸಬೇಡಿ, ಕಣ್ಣು ಬೇಯುತ್ತದೆ ಎಂದಳು. ನಾವು ತಾಗಿಸಲಿಲ್ಲ. ಮೂರನೆಯ ದಿನ ಹೊನ್ನಾಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದಾಗ ಡಾಕ್ಟರು ರೆಪ್ಪೆ ಎತ್ತಿ ನೋಡಿದರು.

“ಸುಣ್ಣ ಬಿದ್ದ ಕೂಡಲೆ ನೀರು ಹಾಕಿ ತೊಳೀಬೇಕಿತ್ತಲ್ರೀ. ಒಂದು ಕೊಡ ನೀರು. ಯಾವೂರು ನಿಮ್ದು?”

ಅಪ್ಪ ಊರಿನ ಹೆಸರು ಹೇಳಲಿಲ್ಲ. ಅಷ್ಟು ದೊಡ್ಡ ಕೆರೆಯ ಕೆಳಗೆ ಮನೆ ಮಾಡಿಕೊಂಡು ಒಂದು ಕೊಡ ನೀರು ಸಿಗಲಿಲ್ಲವೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಲಗಣ್ಣು ಹಾಲುಗಲ್ಲಿನ ಹಾಗೆ ಬೆಳ್ಳಗಾಯಿತು. ಎಡಗಣ್ಣು ಚೆನ್ನಾಗಿದೆ ಎಂದು ಅಪ್ಪ ಡಾಕ್ಟರಿಗೂ ಹೇಳಿದ, ನಮಗೂ ಹೇಳಿದ. ಅಜ್ಜಿ ಆಮೇಲೆ ಆ ಹರಳೆಣ್ಣೆಯ ಶೀಶೆಯನ್ನು ಎಲ್ಲಿಟ್ಟಳೋ, ನಾವು ಮತ್ತೆ ಕಾಣಲಿಲ್ಲ. ಸಂಜೆ ಹೊರಗೆ ಕೂತು ಮುದ್ದೆ ತಿನ್ನುವುದನ್ನೂ ಬಿಟ್ಟಳು.

ಬಲಗೈ, ಬಲಹೆಗಲು, ಬಲಗಣ್ಣಿನ ಮನುಷ್ಯ ಅಪ್ಪ. ಹಳೆಯ ಕಟ್ಟಿಗೆ ಅದಕ್ಕೆ ತಕ್ಕಂತೆ ಇತ್ತು. ಬಲಗೆನ್ನೆ ಕೂರುವಲ್ಲಿ ಒಂದು ಉಬ್ಬು, ಅದರ ಮೇಲೆ ವರ್ಷಗಳ ಬೆವರಿನ ಹೊಳಪು. ಈಗ ಅವನು ಬಂದೂಕನ್ನು ಬಲಹೆಗಲಿಗೇ ಇಟ್ಟು, ಎಡಗಣ್ಣಿನಿಂದ ಗುರಿ ನೋಡಲು ಕತ್ತನ್ನು ಉಬ್ಬಿನ ಮೇಲಿಂದ ಆಚೆ ದಾಟಿಸಿ ಕೊಕ್ಕರೆಯ ಹಾಗೆ ವಾಲುತ್ತಿದ್ದ. ಗುಂಡು ನೀರಿಗೆ. ಇನ್ನೊಂದು, ನೀರಿಗೆ. ನೀರುಕಾಗೆಗಳು ಕತ್ತೆತ್ತಿ ನೋಡಿ, ವಿಷಯ ಗಂಭೀರವಲ್ಲವೆಂದು ತಿಳಿದು ಮತ್ತೆ ಮುಳುಗುತ್ತಿದ್ದವು. ಒಂದು ಬೆಳಿಗ್ಗೆ ಹನ್ನೊಂದು ಗುಂಡು ತಪ್ಪಿದ ಮೇಲೆ ಅಪ್ಪ ಬಂದೂಕನ್ನು ತಿರುಗಿಸಿ ದಂಡೆಯ ಕಲ್ಲಿಗೆ ಬೀಸಿ ಹೊಡೆದ. ಕಟ್ಟಿಗೆ ತನ್ನ ಅತಿ ಸಣ್ಣ ಜಾಗದಲ್ಲಿ, ಗುಂಡು ಹಾರಿಸಲು ಬೆರಳಲ್ಲಿ ಎಳೆಯುವ ಕುದುರೆಯ ಹಿಂದೆ ಹೆಬ್ಬೆರಳು ಸುತ್ತುವ ಕತ್ತಿನಲ್ಲಿ, ಲಟಕ್ಕನೆ ಮುರಿಯಿತು. ಆಮೇಲೆ ತಾನೇ ಕೂತು ತಂತಿ ಸುತ್ತಿ ಕಟ್ಟಿದ. ಅವ್ವ ದೂರದಲ್ಲಿ ನಿಂತು ನೋಡಿದಳೇ ಹೊರತು ಹತ್ತಿರ ಹೋಗಲಿಲ್ಲ.

ಅವತ್ತಿನಿಂದ ಅಪ್ಪ ದಂಡೆಗೆ ಹೋಗುವುದನ್ನು ನಿಲ್ಲಿಸಿದ. ಹೋಗುವವರು ಯಾರಾದರೂ ಬೇಕಿತ್ತು. ಒಂದು ಮಧ್ಯಾಹ್ನ ಅವ್ವ ಮೊಳೆಯ ಮೇಲಿನಿಂದ ಬಂದೂಕು ತೆಗೆದಳು. ಅಜ್ಜಿ ಬಾಯಿ ತೆರೆದಳು.

“ಬಾಯಿ ಮುಚ್ಕೊಂಡಿರ್ರಿ ಅತ್ತೆ,” ಎಂದಳು ಅವ್ವ. “ಇದಕ್ಕಿಂತ ಕೆಡಾಕೆ ಇನ್ನೇನೈತೆ?”

ಅದು ಅವ್ವ ಅತ್ತೆಗೆ ಎದುರು ಹೇಳಿದ ಮೊದಲ ಮಾತು. ಅಜ್ಜಿ ಬಾಯಿ ಮುಚ್ಚಿಕೊಂಡಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದವನ ಹಾಗೆ ನಟಿಸುವುದರಲ್ಲಿ ಅವನಿಗೆ ಅಷ್ಟೇನೂ ಪರಿಣತಿ ಇರಲಿಲ್ಲ. ಅವ್ವ ತಂತಿ ಸುತ್ತಿದ ಬಂದೂಕಿನಲ್ಲಿ ದಿನವೂ ಹೊಡೆದಳು. ಹತ್ತಕ್ಕೆ ಒಂದು ತಗಡಿಗೆ ಬಿದ್ದರೆ ಹೆಚ್ಚು. ಮರಿಗಳು ಕರಗುತ್ತಿದ್ದವು. ಸುದ್ದಿ ಹೋಗಿ ಸಾವುಕಾರರು ಜೀಪಿನಲ್ಲಿ ಬಂದರು. ಚೀಲದ ಮೇಲೆ ಕೂತು, ಅಪ್ಪನ ಮುಖ ನೋಡದೆ, ಬೀಗದ ಕೈ ತಿರುಗಿಸುತ್ತ ಹೇಳಿದರು:

“ಹನುಮಂತಪ್ಪ, ನಿನ್ನ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಜಗಳೂರ ಕಡೆಯೋನು ಒಬ್ಬ ಅದಾನೆ, ಹೆಂಡ್ತಿ ಮಕ್ಕಳು ಸಮೇತ ಬರಾಕೆ ತಯಾರದಾನೆ. ಅಮಾಸೆ ಕಳದ ಸೋಮವಾರ ಅವನ್ನ ಕರ್ಕೊಂಡೇ ಬರ್ತೀನಿ. ನನ್ನೆದುರಿಗೆ ತಗಡು ಮೊಳಗಿಸು, ಹಕ್ಕಿ ಎಬ್ಬಿಸು, ಇರು. ಇಲ್ಲಾಂದ್ರೆ ಅವತ್ತೇ ಮನೆ ಖಾಲಿ ಮಾಡ್ಕೊಡು.”

ಜೀಪು ಹೋದ ಮೇಲೆ ಅಜ್ಜಿ ಮಾತ್ರ ಉಸಿರೆತ್ತಿದಳು. “ಮಳೆ ಕಾಣದ ಜಗಳೂರಿಂದ ಮೀನು ಕಾಯಾಕೆ ಬರ್ತಾನಂತೆ! ಅವನು ಮೀನ್ನ ಪಟದಾಗೆ ನೋಡಿರ್ತಾನೆ.” ಯಾರೂ ನಗಲಿಲ್ಲ. ಎಣಿಸಿದರೆ ಹದಿನೇಳು ದಿನವಿತ್ತು. ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅವ್ವ ಪಾತ್ರೆಗಳನ್ನು ತಿಕ್ಕಿ, ಕಟ್ಟಿಡುವ ಸಮಯಕ್ಕೆ ಬೇಕಾದೀತೆಂದು ಒಂದರೊಳಗೊಂದು ಇಟ್ಟು ನೋಡಿ, ಮತ್ತೆ ಬಿಡಿಸಿಟ್ಟಳು.

ಗೋವಿನಕೋವಿಯಲ್ಲಿ ಅವ್ವನ ತಮ್ಮ, ನನ್ನ ಸೋದರಮಾವ ಚಂದ್ರಪ್ಪ, ಮರದ ಕೆಲಸ ಮಾಡುತ್ತಿದ್ದ. ಬಾಗಿಲು, ಮಂಚ, ಗುದ್ದಲಿ ಹಿಡಿ. ಹೊಸ ಕಟ್ಟಿಗೆ ಮಾಡಿಸಲು ಅಪ್ಪ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟ. ದಾರಿಯಲ್ಲಿ ಕಣ್ಣಿಗೆ ಬೇಕೆಂದು ನನ್ನನ್ನು ಜೊತೆಗೆ ಕರೆದುಕೊಂಡ. ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು, “ಅಳತೆ ಹೇಳ್ರಿ. ಮರೀಬ್ಯಾಡ್ರಿ,” ಎಂದಳು. ಯಾರ ಅಳತೆ ಎಂದು ಅವಳೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಯಲ್ಲಿ ಮುಖ್ಯವಾದದ್ದನ್ನೆಲ್ಲ ಹೀಗೆ ಬಾಗಿಲಲ್ಲಿ, ಅರ್ಧ ಮಾತಿನಲ್ಲಿ ಮುಗಿಸುವ ಸಂಪ್ರದಾಯ.

ಮಾವನಿಗೆ ಒಂದು ವ್ರತವಿತ್ತು. ಯಾವ ಆಯುಧಕ್ಕೇ ಆಗಲಿ, ಬಳಸುವವರ ತೋಳು ಹಲಗೆಯ ಮೇಲೆ ಒರಗದೆ ಅವನು ಹಿಡಿ ಮಾಡುತ್ತಿರಲಿಲ್ಲ. ಕುಡುಗೋಲಿಗೂ ಅಷ್ಟೆ, ಒನಕೆಗೂ ಅಷ್ಟೆ. ದಾರದಲ್ಲಿ, ಕಡ್ಡಿಯಲ್ಲಿ ಅಳತೆ ತಂದವರನ್ನು ವಾಪಸು ಕಳಿಸುತ್ತಿದ್ದ. ನಾನೀಗ ಇರುವ ನ್ಯಾಮತಿಯ ಬೀದಿಯಲ್ಲಿ ಒಬ್ಬ ಕಾಲೇಜು ಹುಡುಗಿ ಗಾಳಿಬಂದೂಕಿನ ಅಭ್ಯಾಸಕ್ಕೆ ಹೋಗುತ್ತಾಳೆ. ಅವಳ ಬಂದೂಕಿನ ಕಟ್ಟಿಗೆಗೆ ತಿರುಪುಗಳಿವೆ. ತಿರುಗಿಸಿದರೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಕೆನ್ನೆಯ ಆಸರೆ ಏಳುತ್ತದೆ, ಇಳಿಯುತ್ತದೆ. ಅವಳು ಹೆಮ್ಮೆಯಿಂದ ತೋರಿಸಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಕಾಲಕ್ಕೆ ಹೊನ್ನೆ ಮರಕ್ಕೆ ತಿರುಪಿರಲಿಲ್ಲ. ಒಮ್ಮೆ ಕೊಟ್ಟ ಅಳತೆಯೇ ಕೊನೆ.

ಮಾವ ಬಾಗಿಲ ಚೌಕಟ್ಟು ಮಾಡಿ ಉಳಿದಿದ್ದ ಹೊನ್ನೆಯ ತುಂಡನ್ನು ಒರೆಸಿ ಹಲಗೆಯ ಮೇಲಿಟ್ಟ.

“ಯಾರ ಕೈಗೆ ಭಾವಾ?”

ಅಪ್ಪ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ, ಕೇಳಿಸಿಕೊಳ್ಳಲು ನಾನೊಬ್ಬಳು.

“ಯಾರ ಕೈಗೆ ಅಂದ್ರೆ? ನಂಗೇ.”

“ಹಂಗಾದ್ರೆ ಇಡ್ರಿ ತೋಳು.”

ಅಪ್ಪ ತೋಳು ಇಟ್ಟ. ಆರಡಿ ಮನುಷ್ಯನ ತೋಳು. ಮಾವ ಮೊಣಕೈ ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಅವ್ವ ಅಪ್ಪನ ಎದೆಯಷ್ಟೆತ್ತರ. ಅವಳ ತೋಳು ಆ ಗೆರೆಯಿಂದ ಎಷ್ಟು ಹಿಂದೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅವಳ ಬಳೆ ಹಾಕಿಕೊಂಡು ನೋಡುತ್ತಿದ್ದವಳು ನಾನೇ ತಾನೆ. ಅಪ್ಪ ಕಾಣುವ ಕಣ್ಣಿನಿಂದ ನನ್ನನ್ನು ನೋಡಿದ. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೇಡಿಕೆಯಿತ್ತು. ನಾನು ಮರದ ಹೊಟ್ಟನ್ನು ಮುಷ್ಟಿಯಲ್ಲಿ ತುಂಬಿಕೊಂಡು, ನೆಲ ನೋಡುತ್ತ ಸುಮ್ಮನಿದ್ದೆ. ಬದುಕಿನಲ್ಲಿ ಆಮೇಲೆ ಎಷ್ಟೋ ಕಡೆ ಹೇಳಬೇಕಾದದ್ದನ್ನು ಹೇಳದೆ ಕೂತಿದ್ದೇನೆ. ಅದರ ಮೊದಲ ಪಾಠ ಗೋವಿನಕೋವಿಯ ಆ ಹೊಟ್ಟಿನ ರಾಶಿಯ ಮೇಲೆ ಆಯಿತು.

ಹತ್ತು ದಿನಕ್ಕೆ ಮಾವ ತಾನೇ ಬಂದೂಕು ಹೊತ್ತು ತಂದ. ಅಂಥ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಹೊನ್ನೆಯ ಕೆಂಪುಹಳದಿ, ಎಣ್ಣೆ ಕುಡಿದ ಮೈ, ಕತ್ತಿನಲ್ಲಿ ಮರದ ನಾರು ಎಲ್ಲೂ ತುಂಡಾಗದ ಹಾಗೆ ಬಾಗಿದ ಬಾಗು. ಅದಕ್ಕಿಂತ ಹೆಚ್ಚಿನದೊಂದು ಅದರಲ್ಲಿತ್ತು. ಅಪ್ಪನ ಬಲಗಣ್ಣನ್ನು ಮಾವ ಅವತ್ತೇ ಗಮನಿಸಿದ್ದ. ಏನೂ ಕೇಳದೆ, ಯಾರಿಗೂ ಹೇಳದೆ, ಕೆನ್ನೆಯ ಉಬ್ಬನ್ನು ಇನ್ನೊಂದು ಮಗ್ಗುಲಿಗೆ ಕೆತ್ತಿದ್ದ. ಎಡಹೆಗಲು, ಎಡಗೆನ್ನೆ, ಎಡಗಣ್ಣಿನ ಮನುಷ್ಯನಿಗೆ ಆಗುವ ಹಾಗೆ. ಕೊಡುವಾಗ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುದ್ದೆ ಉಂಡು, “ಬರ್ತೀನಿ ಅಕ್ಕಾ,” ಎಂದು ಬಸ್ಸಿಗೆ ಹೋದ. ಮರ್ಯಾದಸ್ಥರಿಬ್ಬರು ಪರಸ್ಪರ ಮರ್ಯಾದೆ ಕಾಪಾಡಲು ಹೊರಟರೆ ಎಂಥ ಸುಂದರ ವಸ್ತು ತಯಾರಾಗುತ್ತದೆ, ಅದು ಎಷ್ಟು ನಿರುಪಯೋಗಿಯಾಗಿರುತ್ತದೆ ಎಂಬುದಕ್ಕೆ ಆ ಕಟ್ಟಿಗೆಯನ್ನು ವಸ್ತುಸಂಗ್ರಹಾಲಯದಲ್ಲಿಡಬಹುದಿತ್ತು.

ಅವ್ವ ಅದನ್ನು ಹೆಗಲಿಗೆ ಇಟ್ಟು ನೋಡಿದಳು. ಹೆಗಲಿಗೆ ಇಡಲು ಆಗಲಿಲ್ಲ. ತುದಿ ತೋಳಿಗೆ ಜಾರಿತು. ಬೆರಳು ಕುದುರೆಗೆ ಎಟುಕಲು ಕೈ ಪೂರ್ತಿ ಚಾಚಬೇಕಾಯಿತು. ಬಲಗೆನ್ನೆಗೆ ಆಸರೆಯೇ ಇಲ್ಲ. ಅವಳು ಬಂದೂಕನ್ನು ಕೆಳಗಿಳಿಸಿ ಅಪ್ಪನನ್ನು ನೋಡಿದಳು.

“ಯಾರ ತೋಳು ಇಟ್ರಿ?”

ಅಪ್ಪ ಅವಳ ಕೈಯಿಂದ ಬಂದೂಕು ತೆಗೆದುಕೊಂಡು ದಂಡೆಗೆ ಹೋದ. ನಾವೂ ಹಿಂದೆ ಹೋದೆವು, ಅಜ್ಜಿ ಸಹ. ಎಡಹೆಗಲಿಗೆ ಇಟ್ಟ. ಕಟ್ಟಿಗೆ ಹುಟ್ಟಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಕೆನ್ನೆ ಉಬ್ಬಿನ ಮೇಲೆ, ಕಣ್ಣು ನಳಿಗೆಯ ನೇರಕ್ಕೆ, ಮೊಣಕೈ ಪಕ್ಕೆಗೆ. ಹಳೆಯ ಅಪ್ಪನೇ, ಕನ್ನಡಿಯಲ್ಲಿ ಕಂಡ ಹಾಗೆ ಮಗ್ಗುಲು ಬದಲಾದವನು. ನನಗೆ ತಪ್ಪಾದದ್ದೇ ಒಳ್ಳೆಯದಾಯಿತು ಅನ್ನಿಸಿತು. ಅಜ್ಜಿ ಕೈ ಮುಗಿದಳು. ಅಪ್ಪ ಹಾಗೇ ನಿಂತ. ಬಹಳ ಹೊತ್ತು ನಿಂತ. ಗುಂಡು ಹಾರಲಿಲ್ಲ. ಕೊನೆಗೆ ಬಂದೂಕನ್ನು ನಿಧಾನವಾಗಿ ಇಳಿಸಿದ.

“ಕಟ್ಟಿಗೆ ಸರಿ ಐತೆ,” ಎಂದ. “ತಗಡೇ ಕಾಣ್ತಿಲ್ಲ.”

ಸುಣ್ಣ ಎರಡೂ ಕಣ್ಣಿಗೆ ಬಿದ್ದಿತ್ತು. ಎಡಗಣ್ಣಿಗೆ ಗೇಣಿನ ಆಚೆಗಿನದೆಲ್ಲ ಮಂಜು. ತಿಂಗಳುಗಟ್ಟಲೆ ಅವನು ನಮ್ಮ ಮುಖಗಳನ್ನು ದನಿಯಿಂದ ಗುರುತು ಹಿಡಿದು, ತಟ್ಟೆಯನ್ನು ಸದ್ದಿನಿಂದ ಹುಡುಕಿ ಉಣ್ಣುತ್ತಿದ್ದನೆಂಬುದು ನಮಗೆ ಆಗ ತಿಳಿಯಿತು. ಗೋವಿನಕೋವಿಯ ಅಂಗಡಿಯಲ್ಲಿ ನನ್ನನ್ನು ನೋಡಿದ ಆ ನೋಟದಲ್ಲಿ ನನ್ನ ಮುಖ ಅವನಿಗೆ ಎಷ್ಟು ಕಂಡಿತ್ತೋ. ಅವ್ವ ದಂಡೆಯ ಮೇಲೆ ಕುಕ್ಕರಿಸಿದಳು. ಅಳುತ್ತಾಳೆ ಎಂದುಕೊಂಡೆ. ಅತ್ತದ್ದು ಅಜ್ಜಿ, ಬಾಯಿಗೆ ಸೆರಗು ತುರುಕಿಕೊಂಡು, ಸದ್ದಿಲ್ಲದೆ. ಆ ಹರಳೆಣ್ಣೆಯ ಬಗ್ಗೆ ಅಜ್ಜಿಗೆ ಯಾರೂ ಒಂದು ಮಾತೂ ಅಂದಿರಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಸೋಮವಾರಕ್ಕೆ ಐದು ದಿನ ಉಳಿದಿತ್ತು. ಮರುದಿನ ಮಧ್ಯಾಹ್ನ ಅವ್ವ ಗಳ ಕೊಯ್ಯುವ ಗರಗಸ ತಂದು, ಕಟ್ಟಿಗೆಯ ತುದಿಯಿಂದ ಮೂರು ಬೆರಳು ಅಳೆದು ಇದ್ದಿಲಿನಲ್ಲಿ ಗೆರೆ ಹಾಕಿದಳು. ಅಪ್ಪ ಚೀಲಕ್ಕೆ ಒರಗಿ ಕೂತಿದ್ದ. ಗರಗಸದ ಮೊದಲ ಸದ್ದಿಗೇ ಅವನ ಕತ್ತು ಎದ್ದಿತು.

“ಏನ್ ಮಾಡ್ತೀಯೇ?”

“ಕೊಯ್ತೀನಿ.”

“ಚಂದ್ರಪ್ಪ ಹತ್ತು ದಿನ ಕೂತು ಮಾಡ್ಯಾನೆ.”

“ನೀವು ಒಂದು ಗಳಿಗೆ ಕೂತು ನಿಜ ಹೇಳಿದ್ರೆ ನಂಗೇ ಮಾಡ್ತಿದ್ದ.”

ಹೊನ್ನೆ ಗಟ್ಟಿ ಮರ. ಕೊಯ್ಯುವುದು ಬೇಗ ಮುಗಿಯಲಿಲ್ಲ. ಅಷ್ಟು ಹೊತ್ತೂ ಅಪ್ಪ ಕಿವಿ ಮುಚ್ಚಿಕೊಳ್ಳದೆ ಕೇಳಿದ. ತುಂಡು ನೆಲಕ್ಕೆ ಬಿದ್ದ ಮೇಲೆ ಅವ್ವ ಹಳೆ ಸೀರೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಎಡಮಗ್ಗುಲಿಗೆ ತನ್ನ ಕೆನ್ನೆ ಕೂರುವಲ್ಲಿ ಇಟ್ಟು ಗೋಣಿದಾರದಿಂದ ಬಿಗಿದಳು. ಮಾವ ಕೆತ್ತಿದ ಉಬ್ಬು ಇನ್ನೊಂದು ಮಗ್ಗುಲಲ್ಲಿ ಹಾಗೇ ಉಳಿಯಿತು. ಈಗ ಬಂದೂಕು ಹೆಗಲಿಗೆ ಕೂತಿತು, ಬೆರಳು ಎಟುಕಿತು, ಕಣ್ಣು ನೇರಕ್ಕೆ ಬಂತು. ಆದರೂ ಗುಂಡುಗಳು ತಗಡಿನ ಸುತ್ತ ಎಲ್ಲಾ ದಿಕ್ಕಿಗೂ ಸಮಾನ ನ್ಯಾಯದಿಂದ ಹಂಚಿಹೋಗುತ್ತಿದ್ದವು. ಅವ್ವ ಹಲ್ಲು ಕಚ್ಚಿ, ಒನಕೆ ಹಿಡಿದ ಹಾಗೆ ಬಿಗಿಯಾಗಿ ಹಿಡಿದು, ಮತ್ತಷ್ಟು ಬಿಗಿಯಾಗಿ ಹಿಡಿದು ಹೊಡೆದಳು. ಹೆಗಲು ನೀಲಿಗಟ್ಟಿತು, ಕೊಯ್ದ ಅಂಚು ತಾಗಿ ಚರ್ಮ ಸುಲಿಯಿತು. ಅಪ್ಪನಿಗೆ ಕಾರಣ ಗೊತ್ತಿತ್ತು. ಗೊತ್ತಿದೆ ಎಂದು ಅವ್ವನಿಗೂ ಗೊತ್ತಿತ್ತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹೇಳಿಕೊಟ್ಟರೆ ಕಾವಲುಗಾರ ಯಾರು ಎಂಬುದು ಆ ಗಳಿಗೆಯಲ್ಲೇ ತೀರ್ಮಾನವಾಗುತ್ತಿತ್ತು. ಐದು ದಿನ ಆ ಮನೆಯಲ್ಲಿ ಮುದ್ದೆ ನುಂಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸೋಮವಾರ ಜೀಪು ಬಂತು. ಸಾವುಕಾರರ ಜೊತೆ ಜಗಳೂರಿನವನು ಇಳಿದ. ತೆಳ್ಳಗಿನ, ಮುಜುಗರದ ಮನುಷ್ಯ, ಕೈಯಲ್ಲಿ ಬಟ್ಟೆಗಂಟು. ನಮ್ಮ ಪಾತ್ರೆಗಳನ್ನು ನೋಡಿ ಕಣ್ಣು ತಗ್ಗಿಸಿದ. ನಡುಗೊಳದಲ್ಲಿ ನೀರುಕಾಗೆಗಳು ತುಂಬಿದ್ದವು.

“ಹೊಡಿ ಹನುಮಂತಪ್ಪ,” ಎಂದರು ಸಾವುಕಾರರು.

ಅಪ್ಪ ಅಲುಗಲಿಲ್ಲ. ಅವ್ವ ಬಂದೂಕು ಹಿಡಿದು ಮುಂದೆ ಬಂದಳು. ಸಾವುಕಾರರ ಹುಬ್ಬು ಮೇಲೇರಿತು, ಆದರೆ ಬೇಡ ಎನ್ನಲಿಲ್ಲ. ತಮಾಷೆ ನೋಡುವ ಮನಸ್ಸಿದ್ದಿರಬೇಕು. ಅವ್ವ ನಳಿಗೆ ಬಗ್ಗಿಸಿ ಗುಂಡು ಹಾಕಿ ಹೊಡೆದಳು. ನೀರು. ಎರಡನೆಯದು ಗಳಕ್ಕೆ ತಾಗಿ ಟಕ್ಕೆಂದಿತು. ಮೂರನೆಯದು ಮತ್ತೆ ನೀರು. ಒಂದು ಹಕ್ಕಿ ನಮ್ಮ ಕಡೆ ನೋಡಿ ರೆಕ್ಕೆ ಒಣಗಿಸಲು ಶುರುಮಾಡಿತು.

“ಆಯ್ತು ಬಿಡವ್ವ,” ಎಂದರು ಸಾವುಕಾರರು, ಮೆಲ್ಲಗೆ. ಆ ಮೆಲ್ಲನೆಯ ದನಿಯೇ ಹೆಚ್ಚು ಹೆದರಿಸಿತು. ಜಗಳೂರಿನವನು ಗಂಟನ್ನು ನೆಲಕ್ಕಿಟ್ಟ. ಅಜ್ಜಿ ಒಳಗೆ ಹೋಗಿ ಹಾಸಿಗೆ ಸುತ್ತುವ ಸದ್ದು ಕೇಳಿಸಿತು.

ಆಗ ಅಪ್ಪ ಮಾತಾಡಿದ. ಸಾವುಕಾರರ ಕಡೆಗಲ್ಲ, ಅವ್ವ ನಿಂತಿದ್ದಾಳೆಂದು ಅವನು ಊಹಿಸಿದ ಕಡೆಗೆ.

“ಬಿಗಿ ಹಿಡೀಬ್ಯಾಡ.”

ಎಲ್ಲರೂ ತಿರುಗಿದರು.

“ಎಡಗೈ ಬೆರಳು ಮಡಚಬ್ಯಾಡ. ಅಂಗೈ ಮ್ಯಾಲೆ ಸುಮ್ನೆ ಮಲಗ್ಸು, ಕೂಸು ಮಲಗಿಸ್ದಂಗೆ. ಒಳಗೆ ಸ್ಪ್ರಿಂಗ್ ಐತೆ ಅದಕ್ಕೆ. ಬಿಟ್ಟಾಗ ಮೊದ್ಲು ಹಿಂದಕ್ಕೆ ಒದೀತೈತೆ, ಆಮ್ಯಾಲೆ ಮುಂದಕ್ಕೆ ಎಳೀತೈತೆ. ಅದೆಲ್ಲ ಆಗೋವಾಗ ಗುಂಡು ಇನ್ನೂ ನಳಿಗ್ಯಾಗೇ ಇರತೈತೆ. ಹಿಂದಕ್ಕೆ ಹೋಗ್ಲಿ ಬಿಡು. ಮುಂದಕ್ಕೆ ಬರ್ಲಿ ಬಿಡು. ನೀನು ಅಡ್ಡ ಹೋಗಬ್ಯಾಡ. ಹೊಡೆದ ಮ್ಯಾಲೂ ಕೆನ್ನೆ ಎತ್ತಬ್ಯಾಡ.”

ಅಪ್ಪನ ಬಾಯಿಂದ ಒಟ್ಟಿಗೆ ಅಷ್ಟು ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಮುಗಿಸುವಷ್ಟರಲ್ಲಿ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವ್ವ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. ಕೆನ್ನೆಯನ್ನು ಸೀರೆಯ ಮಡಿಕೆಗೆ ಒತ್ತದೆ, ತಾಗಿಸಿದಳಷ್ಟೆ. ಹೊಡೆದಳು. ಟಣ್ ಎಂದಿತು. ನಡುಗೊಳ ಕಪ್ಪಗೆ ಎದ್ದು ಹಾರಿತು.

“ಇನ್ನೊಂದು,” ಎಂದರು ಸಾವುಕಾರರು. ಟಣ್. “ಆ ಕಡೇ ಕೊಳದ್ದು.” ಟಣ್. ಅವ್ವನ ಕುಪ್ಪಸದ ಹೆಗಲ ಮೇಲೆ ಹಳೆಯ ಗಾಯ ಒಡೆದು ರಕ್ತದ ಚುಕ್ಕೆ ಮೂಡಿತ್ತು. ಜಗಳೂರಿನವನು ತನ್ನ ಗಂಟನ್ನು ಮತ್ತೆ ಎತ್ತಿಕೊಂಡ.

“ನಂಗಿದು ಬರಲ್ರೀ ಸಾವ್ಕಾರ್ರೇ,” ಎಂದ. “ಡಬ್ಬ ಬಡಿಯೋದು ಅಂದಿದ್ರಿ.” ಹೇಳಿ, ತಾನೇ ಹೋಗಿ ಜೀಪಿನಲ್ಲಿ ಕೂತ.

ಸಾವುಕಾರರು ಬೀಗದ ಕೈ ತಿರುಗಿಸಿದರು.

“ಇರ್ರಿ,” ಎಂದರು. “ಕೆಲಸ ನಿನ್ನ ಹೆಂಡ್ತೀದು, ಹೆಸರು ನಿಂದು. ಆದ್ರೆ ಮರಿ ಕೊಳ್ಳಾಕೆ ಹೊರಗಿನೋರು ಬಂದಾಗ ಬಂದೂಕ ನಿನ್ನ ಹೆಗಲ ಮ್ಯಾಲೇ ಇರ್ಲಿ. ಹೆಂಗಸಿನ ಕೈಯಾಗೆ ಕೊಳ ಬಿಟ್ಟಾನೆ ಅಂತ ನಾಕು ಜನ ನಗಬಾರ್ದು.”

ಹಾಗೆ ಮನೆ ಉಳಿಯಿತು. ಅಜ್ಜಿ ಸುತ್ತಿದ ಹಾಸಿಗೆ ಬಿಚ್ಚಿದಳು. ಅಲ್ಲಿಂದ ಮುಂದೆ ಒಂಬತ್ತು ವರ್ಷ ಅವ್ವ ದಿನವೂ ತಗಡು ಮೊಳಗಿಸಿದಳು. ನಾನು ಓದಿದ್ದು ಆ ಸದ್ದಿನಲ್ಲಿ. ದೂರದಲ್ಲಿ ಹೊರಗಿನವರ ಗಾಡಿ ಕಂಡ ಕೂಡಲೆ ಅವಳು ದಂಡೆಯಿಂದ ಇಳಿದು ಬಂದು ಬಂದೂಕನ್ನು ಅಪ್ಪನ ಕೈಗಿಟ್ಟು, ಒಳಗೆ ಹೋಗಿ ಒಲೆ ಊದುತ್ತಿದ್ದಳು. ಅಪ್ಪ ದಂಡೆಯ ಮೇಲೆ ನಿಂತು, ಕಾಣದ ತಗಡಿನ ಕಡೆ ಮುಖ ಮಾಡಿ, ಎಡಹೆಗಲಿಗೆ ಬಂದೂಕು ಏರಿಸುತ್ತಿದ್ದ. ಮೂರು ಬೆರಳು ಕೊಯ್ದ ಕಟ್ಟಿಗೆ ಆ ತೋಳಿಗೆ ಈಗ ಗಿಡ್ಡ. ನೆಟ್ಟಗೆ ನಿಂತರೆ ಮೂಗು ಹೆಬ್ಬೆರಳಿಗೆ ತಾಗಿ, ನೋಡಿದವರಿಗೆ ಇದು ಇವನ ಬಂದೂಕಲ್ಲ ಎಂದು ತಿಳಿದುಬಿಡುತ್ತಿತ್ತು. ಅದಕ್ಕೆ ಅವನು ಕತ್ತನ್ನು ಒಳಕ್ಕೆ ಎಳೆದುಕೊಂಡು, ಹೆಗಲು ಮುದುಡಿ, ಬೆನ್ನು ಬಾಗಿಸಿ, ಆರಡಿಯ ಮೈಯನ್ನು ಅವ್ವನ ಅಳತೆಗೆ ಇಳಿಸಿ ನಿಲ್ಲುತ್ತಿದ್ದ. ಕೊಳ್ಳುವವರಿಗೆ ಅನುಮಾನ ಬರಲಿಲ್ಲ. ಒಮ್ಮೆ ಅವ್ವ ಕೇಳಿದಳು:

“ಚಂದ್ರಪ್ಪಂಗೆ ಹೇಳಿ ತುದೀಗೊಂದು ತುಂಡು ಮಾಡಿಸ್ಲೇನ್ರಿ? ನೀವು ನಿಲ್ಲೋವಾಗ ಹಾಕ್ಕೊಂಡು, ಆಮ್ಯಾಲೆ ತೆಗೆಯಾಕೆ ಬರೋ ಹಂಗೆ?”

“ಬ್ಯಾಡ,” ಎಂದ ಅಪ್ಪ. “ಬಂದೂಕ ಸರಿ ಐತೆ.”

ಹಾಗೆ ನಿಂತು ನಿಂತು ಅದೇ ಅವನ ನಿಲುವಾಯಿತು. ಕೈಯಲ್ಲಿ ಬಂದೂಕಿಲ್ಲದಾಗಲೂ, ಉಣ್ಣಲು ಕೂತಾಗಲೂ, ನನ್ನ ಹೆಗಲು ಹಿಡಿದು ಬಸ್ಸಿಗೆ ನಡೆಯುವಾಗಲೂ ಅವನ ಕತ್ತು ಒಳಕ್ಕೆ, ಬೆನ್ನು ಮುಂದಕ್ಕೆ ಬಾಗಿಯೇ ಇರುತ್ತಿತ್ತು. ದಾರಿಯಲ್ಲಿ ಸಿಕ್ಕವರು ಹನುಮಂತಪ್ಪನಿಗೆ ವಯಸ್ಸಾಯಿತು ಎನ್ನುತ್ತಿದ್ದರು. ಅಪ್ಪನಿಗೆ ಆಗ ನಲವತ್ತು ತುಂಬಿರಲಿಲ್ಲ.